ನಲವತ್ತು ಎಣಿಸುವಷ್ಟು ಹೊತ್ತು

ಗೇಟಿನ ಹೊರಗೇ ಚಪ್ಪಲಿ ಬಿಡಬೇಕು. ಕಾಂಪೌಂಡಿನ ನಲ್ಲಿಯಲ್ಲಿ ಕಾಲು ತೊಳೆದು, ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ, ಅಲ್ಲೇ ಗೂಟಕ್ಕೆ ನೇತುಹಾಕಿದ ಆ ಮನೆಯ ಚೂಡಿದಾರ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಆಮೇಲೆ ಮೊಣಕೈವರೆಗೆ ಸೋಪು ಹಚ್ಚಿ ನಲವತ್ತು ಎಣಿಸಬೇಕು. ಇಷ್ಟಾದ ಮೇಲೆಯೇ ಮನೆಕೆಲಸದ ಚೈತ್ರ ಅಡುಗೆಮನೆಯ ಹೊಸ್ತಿಲು ದಾಟುವುದು. ಪಕ್ಕದ ಸಿಂಗಾಪುರ ಹಳ್ಳಿಯಿಂದ ವಿದ್ಯಾರಣ್ಯಪುರದ ಆ ಮನೆಗೆ ನಡೆದು ಬರಲು ಹದಿನೈದು ನಿಮಿಷ ಸಾಕು, ಗೇಟಿನಿಂದ ಒಳಗೆ ಬರಲು ಇಪ್ಪತ್ತು ನಿಮಿಷ ಬೇಕು.

ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಒಳಗೆ ಅನಿಕೇತ ಇದ್ದ.

ಅನಿಕೇತನಿಗೆ ಐದು ವರ್ಷ. ಯುಗಾದಿಯ ಹೊತ್ತಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ಹಾಕುವ ಔಷಧಿ ಕಾಯಿಲೆಯನ್ನು ಕೊಲ್ಲುವುದರ ಜೊತೆಗೆ ಮೈಯ ಕಾವಲನ್ನೂ ಕೊಂದುಬಿಡುತ್ತದೆ, ಆ ದಿನಗಳಲ್ಲಿ ನಮಗೆ ಏನೂ ಮಾಡದ ಕಣ್ಣಿಗೆ ಕಾಣದ ಹುಳ ಅವನನ್ನು ತಿಂದುಹಾಕಬಲ್ಲದು ಅಂತ ಡಾಕ್ಟರ್ ಗೌತಮಿ ಹೇಳಿದ್ದರು. ಎರಡು ಸಲ ಹಾಗೆಯೇ ಆಯಿತು. ಎರಡು ಸಲವೂ ಜ್ವರ ಬಂದು, ಎರಡು ಸಲವೂ ಹತ್ತು ಹನ್ನೆರಡು ದಿನ ಆಸ್ಪತ್ರೆ. ಎರಡನೆಯ ಸಲ ಮನೆಗೆ ಕಳಿಸುವಾಗ ಡಾಕ್ಟರು ಅನಿಕೇತನ ಅಮ್ಮ ರಂಜನಿಯನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಹೀಗಾದ್ರೆ ಈ ಮೈ ತಡ್ಕೊಳ್ಳುತ್ತೆ ಅಂತ ನಾನು ಮಾತು ಕೊಡಲಾರೆ ರಂಜನಿ. ಇನ್ನು ಮೂರು ವಾರ. ಜ್ವರ ಬರಬಾರದು, ಅಷ್ಟೆ," ಅಂದರಂತೆ.

ಆ ಮೂರು ವಾರ ದಾಟಿಸುವುದೇ ಈಗ ಆ ಮನೆಯ ಕೆಲಸ.

ಅನಿಕೇತನ ಅಜ್ಜಿ ನಾಗಮಣಿ ಮೊದಲಿನಿಂದಲೂ ಮಡಿಯ ಹೆಂಗಸು. ಒದ್ದೆ ಸೀರೆಯಲ್ಲಿ ದೇವರಮನೆಗೆ ಹೋದರೆ ಗಂಡನ ನೆರಳೂ ಬೀಳಬಾರದು ಅನ್ನುತ್ತಿದ್ದರಂತೆ. ಅಂಥವರು ಡಾಕ್ಟರು ಮನೆಯೊಳಗೆ ಹೂವು ಬೇಡವೆಂದ ದಿನದಿಂದ ದೇವರಿಗೆ ಹೂವು ನಿಲ್ಲಿಸಿ, ಬರೀ ಅಕ್ಷತೆ ಕುಂಕುಮದಲ್ಲಿ ಪೂಜೆ ಮುಗಿಸುತ್ತಿದ್ದರು. ರಂಜನಿ ಆಫೀಸಿಗೆ ರಜೆ ಹಾಕಿದ್ದಳು. ತರಕಾರಿ ಉಪ್ಪುನೀರಿನಲ್ಲಿ ನೆನೆದು ಕುಕ್ಕರಿನಲ್ಲಿ ಬೇಯುತ್ತಿತ್ತು. ತಟ್ಟೆ, ಚಮಚ, ಟವೆಲ್ ಎಲ್ಲಾ ಕುದಿಯುವ ನೀರಿಗೆ ಬೀಳುತ್ತಿದ್ದವು. ಚೈತ್ರಳ ಕೈ ಸೋಪಿಗೆ ಸೀಳು ಬಿಟ್ಟಿತ್ತು.

ಕೈ ತೊಳೆಯುವ ಸಿಂಕಿನ ಮೇಲೆ ರಂಜನಿಯ ಫೋನು ನಿಂತಿರುತ್ತಿತ್ತು. ಅವಸರದಲ್ಲಿ ಬೇಗ ಬೇಗ ಎಣಿಸಿಬಿಡುತ್ತೀವಿ ಅಂತ ಅವಳು ಫೋನಿನಲ್ಲಿ ನಲವತ್ತು ಸೆಕೆಂಡಿನ ಟೈಮರ್ ಇಟ್ಟಿದ್ದಳು. ಅದು ಕೂಗುವವರೆಗೆ ಉಜ್ಜಬೇಕು. ಚೈತ್ರ ಮಾತ್ರ ಹಿತ್ತಲಲ್ಲಿ ಬಾಯಿಯಲ್ಲೇ ಎಣಿಸುತ್ತಿದ್ದಳು. ಅವಳ ಫೋನು ಬ್ಯಾಗಿನ ಜೊತೆ ಹೊರಗಿನ ಗೂಟದಲ್ಲೇ ಇರಬೇಕೆಂದು ನಾಗಮಣಿ ಹೇಳಿದ್ದರು.

"ಚೈತು, ನಂಗೆ ಕೂದ್ಲು ಬಂತಾ ನೋಡು," ಅಂತ ಅನಿಕೇತ ದಿನಾ ತಲೆ ಬಗ್ಗಿಸಿ ತೋರಿಸುತ್ತಿದ್ದ.

ಅವಳು ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡುವಳು. "ಒಂದು ಬಂದೈತೆ."

"ಒಂದೇನಾ? ಅಜ್ಜೀ, ಒಂದು ಬಂತಂತೆ! ಬಾಚಣಿಗೆ ಕೊಡು!"

ಅವನ ಹತ್ತಿರ ಮಾತ್ರ ಅವಳಿಗೆ ಮಾತು ಬರುತ್ತಿತ್ತು. ದೊಡ್ಡವರ ಮುಂದೆ ಬರೀ ತಲೆಯಾಡಿಸುವಳು. ಎಂಟನೇ ಕ್ಲಾಸಿಗೆ ಶಾಲೆ ಬಿಡುವವರೆಗೂ ಅಷ್ಟೇ, ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ. ಚೈತ್ರ ನೋಡುತ್ತಿದ್ದಳು.

ಅನಿಕೇತ ಆಸ್ಪತ್ರೆಯಿಂದ ಮನೆಗೆ ಬಂದ ಐದನೆಯ ದಿನ, ಶುಕ್ರವಾರ. ಮಧ್ಯಾಹ್ನ ಅನಿಕೇತನ ರೂಮಿನಿಂದ ರಂಜನಿ ಕೂಗಿಕೊಂಡಳು. "ಅತ್ತೇ! ರಕ್ತ! ಬಾಯಲ್ಲಿ ರಕ್ತ!"

ಚೈತ್ರ ಬಾಗಿಲಿಗೆ ಓಡಿದಳು. ಅನಿಕೇತನ ಕೆಳತುಟಿಯ ಒಳಗೆ ಕೆಂಪಗೆ ಒಂದು ಗೆರೆ. ರಂಜನಿ ಹತ್ತಿಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಹಾಗೇ ಮಂಚದ ಮೇಲೆ ಕುಸಿದು ಕೂತಳು.

"ಕುಂಕುಮ," ಅಂದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಮಗೂಗೆ ಕುಂಕುಮ ಇಡಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ದೇವರಾಣೆ ಇಟ್ಟಿಲ್ಲ ಕಣೇ! ನಾನು ರೂಮಿಗೇ ಬಂದಿಲ್ಲ ಬೆಳಗ್ಗಿಂದ."

"ಹಾಗಾದ್ರೆ ಎಲ್ಲಿಂದ ಬಂತು?"

ನಾಗಮಣಿ ತಿರುಗಿ ಚೈತ್ರಳ ಹಣೆ ನೋಡಿದರು. ಅಲ್ಲಿ ಸ್ಟಿಕರ್ ಬೊಟ್ಟೂ ಇರಲಿಲ್ಲ. ಆದರೂ ಅವರ ಕಣ್ಣು ಅವಳ ಮೇಲೇ ನಿಂತಿತು. "ಹೊರಗಿಂದ ಮನೆಗೆ ಬರೋಳು ಒಬ್ಳೇ," ಅಂದರು ಮೆಲ್ಲಗೆ.

ಚೈತ್ರ ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು. ಕುದಿಸಲು ಇಟ್ಟ ಪಾತ್ರೆಯಲ್ಲಿ ಅನಿಕೇತನ ಪುಟ್ಟ ಚಮಚ ಇತ್ತು. ಅದರ ಹಿಡಿಯಲ್ಲಿ ಕೆಂಪು. ಟವೆಲಿನ ಅಂಚಿನಲ್ಲಿ ಕೆಂಪು. ಅವಳು ಆ ಕೆಂಪಿನ ಹಿಂದೆಯೇ ಹೋದಳು. ಸಿಂಕಿನ ನಲ್ಲಿಯಲ್ಲಿ ಇರಲಿಲ್ಲ, ಸೋಪಿನ ಬಾಟಲಿಯಲ್ಲಿ ಇರಲಿಲ್ಲ. ಸಿಂಕಿನ ಮೇಲೆ ನಿಂತ ಫೋನಿನ ಕವರಿನ ಮೂಲೆಯಲ್ಲಿ ಇತ್ತು. ಬೆರಳಿನಷ್ಟು ಅಗಲ.

ಅಷ್ಟು ಸಾಕಾಯಿತು ಅವಳಿಗೆ. ಬೆಳಗ್ಗೆ ಪೂಜೆಯ ನಡುವೆ ಫೋನು ಬಡಿದುಕೊಂಡಾಗ ನಾಗಮಣಿಯೇ ಎತ್ತಿ, ಕೆಲಸಕ್ಕೆ ಹೊರಗೂರಿನಲ್ಲಿದ್ದ ಮಗ, ಅನಿಕೇತನ ಅಪ್ಪ ಪ್ರದ್ಯುಮ್ನನ ಹತ್ತಿರ ಮಾತಾಡಿದ್ದರು. ಮಡಿಯಲ್ಲಿದ್ದಾಗ ಚಾಪೆಯನ್ನೂ ಮುಟ್ಟದವರು ಫೋನು ಮುಟ್ಟುತ್ತಿದ್ದರು. ಒಂದು ಸಲ ಅನಿಕೇತನೇ ಕೇಳಿದ್ದಕ್ಕೆ, "ಬೆಳ್ಳಿಗೆ, ರೇಷ್ಮೆಗೆ ಮೈಲಿಗೆ ಇಲ್ಲ ಪುಟ್ಟ. ಇದೂ ಗಾಜು, ಲೋಹ," ಅಂದಿದ್ದರು.

ಆಮೇಲೆ ರಂಜನಿ ಬಂದಿದ್ದಳು. ನಲವತ್ತು ಸೆಕೆಂಡು ಕೈ ತೊಳೆದಿದ್ದಳು. ಟೈಮರ್ ಕೂಗಿತ್ತು. ತೊಳೆದ ಒದ್ದೆ ಕೈಯಲ್ಲೇ ಫೋನು ಹಿಡಿದು, ಪಕ್ಕದ ಗುಂಡಿ ಒತ್ತಿ ನಿಲ್ಲಿಸಿದ್ದಳು. ಕೈ ಒರೆಸಿಕೊಂಡು ಹೋಗಿ ಮಗನ ಬಾಯಿಹುಣ್ಣಿಗೆ ಜೆಲ್ ಹಚ್ಚಿದ್ದಳು, ಬೆರಳಿನಿಂದಲೇ.

ಪ್ರತಿಸಲವೂ ಹೀಗೇ. ದಿನಕ್ಕೆ ಇಪ್ಪತ್ತು ಸಲ, ಎರಡು ತಿಂಗಳಿಂದ.

ಆ ಫೋನು ಎಲ್ಲೆಲ್ಲಿ ಹೋಗುತ್ತದೆ ಅಂತ ಚೈತ್ರಳಿಗೆ ಗೊತ್ತಿತ್ತು. ಔಷಧಿ ಅಂಗಡಿಯ ಕೌಂಟರಿನ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ, ಆಟೋದ ಸೀಟಿನ ಮೇಲೆ. ಆಸ್ಪತ್ರೆಯಿಂದ ಯಾವಾಗ ಫೋನು ಬರುತ್ತದೋ ಎಂದು ರಂಜನಿ ಅದನ್ನು ಟಾಯ್ಲೆಟ್ಟಿಗೂ ಒಯ್ಯುತ್ತಿದ್ದಳು. ಊಟದ ಹೊತ್ತಿಗೆ ಅದೇ ಫೋನು ಕಾರ್ಟೂನು ತೋರಿಸಲು ಅನಿಕೇತನ ದಿಂಬಿಗೆ ಒರಗುತ್ತಿತ್ತು. ಮನೆಯಲ್ಲಿ ತೊಳೆಯದೆ ಉಳಿದದ್ದು ಅದೊಂದೇ.

ಹೇಳಬೇಕು. ರಂಜನಿ ಅಡುಗೆಮನೆಗೆ ಬಂದಾಗ ಚೈತ್ರ, "ಅಕ್ಕ," ಅಂದಳು.

"ಏನೇ?" ರಂಜನಿಯ ಕಣ್ಣು ಕೆಂಪಾಗಿತ್ತು. ಕಿವಿಯಲ್ಲಿ ಫೋನಿತ್ತು. "ಒಂದ್ನಿಮಿಷ ರೀ... ಏನು ಚೈತ್ರ, ಬೇಗ ಹೇಳು."

ಹೇಳಿದರೆ ಏನಂತ ಹೇಳುವುದು? ನಿಮ್ಮ ಮಗನಿಗೆ ಕಾಯಿಲೆ ತರುತ್ತಿರುವುದು ನಿಮ್ಮ ಕೈಯೇ ಅಂತಲೇ?

"ಏನಿಲ್ಲ ಅಕ್ಕ. ಅಕ್ಕಿ ಮುಗೀತಾ ಬಂತು."

ಫೋನಿನ ಮೂಲೆಯ ಕುಂಕುಮವನ್ನಷ್ಟೇ ಅವಳು ಸೋಪು ಹಚ್ಚಿದ ಬಟ್ಟೆಯಿಂದ ಒರೆಸಿದಳು. ಐದು ನಿಮಿಷದಲ್ಲಿ ಅದು ಮತ್ತೆ ರಂಜನಿಯ ಜೊತೆ ಬಚ್ಚಲಿಗೆ ಹೋಯಿತು.

ಸಂಜೆ ಸಿಂಗಾಪುರದ ಮನೆಯಲ್ಲಿ ಅವಳ ಅಜ್ಜಿ ಸುಬ್ಬಮ್ಮ ಸೊಪ್ಪು ಸೋಸುತ್ತಾ ಎಲ್ಲಾ ಕೇಳಿಸಿಕೊಂಡಳು.

"ಏಳ್ಬ್ಯಾಡ," ಅಂದಳು. "ಅವ್ರು ಓದ್ಕೊಂಡೋರು. ನೀನು ಓಗಿ ಇಂಗೆ ಅಂದ್ರೆ, ನಮ್ ಮ್ಯಾಲೇ ಒರುಸ್ತಾಳೆ ಅಂತಾರೆ. ಕೂಸಿಗೆ ಏನಾನ ಆದ್ರೆ ನಿನ್ ತಲೆಗೇ ಕಟ್ತಾರೆ."

"ಆಗ್ಲೇ ಕಟ್ಟವ್ರೆ ಅಜ್ಜಿ."

"ಅಂಗಾರೆ ಬಿಟ್ಬುಡು. ಬ್ಯಾರೆ ಮನೆ ಸಿಗಲ್ವಾ?"

ಸಿಗುತ್ತದೆ. ಆದರೆ ಬೇರೆ ಮನೆಯಲ್ಲಿ ಒಂದು ಕೂದಲಿಗೆ ಬಾಚಣಿಗೆ ಕೇಳುವವರು ಇರುವುದಿಲ್ಲ. ಚೈತ್ರ ಗೋಡೆ ಕಡೆ ತಿರುಗಿ ಮಲಗಿ, ಹೇಳಬೇಕಾದ ಮಾತನ್ನು ತುಟಿಯಲ್ಲೇ ಹತ್ತಾರು ಸಲ ಹೇಳಿಕೊಂಡಳು. ಅಲ್ಲಿ ಸಲೀಸಾಗಿ ಬರುತ್ತಿತ್ತು.

ಶನಿವಾರ ಅವಳು ಒಳಗೆ ಬರುವಷ್ಟರಲ್ಲಿ ಮನೆಯ ಗಾಳಿಯೇ ಬೇರೆಯಾಗಿತ್ತು. ಅನಿಕೇತನ ಮೈಯ ಕಾವು ತೊಂಬತ್ತೊಂಬತ್ತಕ್ಕೆ ಏರಿತ್ತು. ನೂರು ದಾಟಿದರೆ ತಕ್ಷಣ ಹೊರಡಬೇಕು, ಅಲ್ಲಿಯವರೆಗೆ ಗಂಟೆಗೊಮ್ಮೆ ನೋಡುತ್ತಿರಿ ಅಂದಿದ್ದರಂತೆ ಆಸ್ಪತ್ರೆಯವರು. ಅವನು ಬಾಚಣಿಗೆ ಕೇಳಲಿಲ್ಲ.

ನಾಗಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದರು. "ನಾಳೆಯಿಂದ ಬರಬೇಡಮ್ಮ. ನಿನ್ನ ಮೇಲೆ ಕೋಪ ಅಂತಲ್ಲ. ನಮ್ಮ ಹಣೆಬರಹ ಸರಿ ಇಲ್ಲ. ಮೂರು ವಾರ ಆದ್ಮೇಲೆ ನಾವೇ ಕರೀತೀವಿ."

"ಅಮ್ಮ..." ಅಂದಳು ಚೈತ್ರ. ಮುಂದಿನದು ಬರಲಿಲ್ಲ.

"ಏನು?"

ಅವಳು ತಲೆಯಾಡಿಸಿದಳು.

ನಾಳೆಯಿಂದ ಅವಳು ಇರುವುದಿಲ್ಲ. ಅವಳಿಲ್ಲದ ಮನೆಯಲ್ಲಿ ಇವರು ಇನ್ನೂ ಹೆಚ್ಚು ಕೈ ತೊಳೆಯುತ್ತಾರೆ. ಇನ್ನೂ ಹೆಚ್ಚು ಸಲ ಟೈಮರ್ ಕೂಗುತ್ತದೆ, ಇನ್ನೂ ಹೆಚ್ಚು ಸಲ ಅದನ್ನು ಮುಟ್ಟಿ ನಿಲ್ಲಿಸುತ್ತಾರೆ.

ರಂಜನಿ ಸ್ನಾನಕ್ಕೆ ಹೋಗಿದ್ದಳು. ಚಾರ್ಜ್ ಮುಗಿದಿತ್ತೆಂದು ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಬಿದ್ದಿತ್ತು. ಅದರ ಕವರು ಹಳದಿ ಬಣ್ಣದ್ದು. ಚೈತ್ರ ಅದನ್ನು ನೋಡಿದಳು. ಪಕ್ಕದ ಸಾಂಬಾರ ಡಬ್ಬಿಯನ್ನು ನೋಡಿದಳು. ಯೋಚಿಸುತ್ತಾ ನಿಂತರೆ ಇದೂ ಆಗುವುದಿಲ್ಲ ಅನ್ನಿಸಿತು. ಎರಡು ಬೆರಳಲ್ಲಿ ಅರಿಶಿನ ತೆಗೆದು ಕವರಿಗೆ, ಅಂಚಿಗೆ, ಪಕ್ಕದ ಗುಂಡಿಗೆ ತೆಳ್ಳಗೆ ಉಜ್ಜಿದಳು. ಹಳದಿಯ ಮೇಲೆ ಹಳದಿ, ಕಾಣಲಿಲ್ಲ.

ಅಕ್ಕ ಕೈ ಒರೆಸಿಕೊಳ್ಳುವಾಗ ಅವಳೇ ನೋಡುತ್ತಾಳೆ, ಆಗ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ ಅಂದುಕೊಂಡಳು ಚೈತ್ರ. ತನ್ನ ಬೆರಳನ್ನು ಎರಡೆರಡು ಸಲ ತೊಳೆದಳು.

ರಂಜನಿ ಬಂದಳು. ಹಾಲನ್ನ ಆರಿಸಿ ಬಿಳಿ ಬಟ್ಟಲಿಗೆ ಹಾಕಿಟ್ಟಳು. ಫೋನನ್ನು ಸಿಂಕಿನ ಮೇಲೆ ನಿಲ್ಲಿಸಿ ಟೈಮರ್ ಒತ್ತಿದಳು. ಸೋಪು ಹಚ್ಚಿದಳು. ಬೆರಳಿನ ಸಂದು, ಉಗುರು, ಮಣಿಕಟ್ಟು. ತುಟಿ ಅಲ್ಲಾಡುತ್ತಿತ್ತು, ಯಾವುದೋ ಸ್ತೋತ್ರ. ಟೈಮರ್ ಕೂಗಿತು. ಒದ್ದೆ ಕೈಯಲ್ಲಿ ಫೋನು ಹಿಡಿದು ಗುಂಡಿ ಒತ್ತಿ, ಟವೆಲಿಗೆ ಕೈ ಒತ್ತಿದಳು.

ಟವೆಲಿನ ಮೇಲೆ ಹಳದಿ ಮೂಡಿತು. ಸೋಪಿನ ನೀರು ತಗುಲಿದ ಕಡೆ ಅದು ಕೆಂಪಿಗೆ ತಿರುಗಿತು. ರಂಜನಿ ನೋಡಲಿಲ್ಲ. ಅವಳ ಕಣ್ಣು ರೂಮಿನ ಕಡೆಗಿತ್ತು. ಬಟ್ಟಲು ಎತ್ತಿಕೊಂಡಳು. ಬಿಳಿ ಬಟ್ಟಲಿನ ಅಂಚಿನಲ್ಲಿ ಹೆಬ್ಬೆರಳಿನ ಹಳದಿ ಗುರುತು. ನೋಡಲಿಲ್ಲ. ಜೆಲ್ಲಿನ ಟ್ಯೂಬು, ಅದರ ಮೇಲೂ. ನೋಡಲಿಲ್ಲ.

ಚೈತ್ರಳ ಬಾಯಿ ತೆರೆದಿತ್ತು. ದನಿ ಇಲ್ಲ. ರಂಜನಿ ನಡೆದಳು. ಚೈತ್ರ ಹಿಂದೆ ನಡೆದಳು. ರಂಜನಿ ಮಂಚದ ಅಂಚಿಗೆ ಕೂತು, ಫೋನು ದಿಂಬಿಗೆ ಒರಗಿಸಿ, ತೋರುಬೆರಳಿಗೆ ಜೆಲ್ ಹಾಕಿಕೊಂಡು, "ಆ ಮಾಡು ಬಂಗಾರ," ಅಂದಳು. ಅನಿಕೇತ ಹುಣ್ಣಿನ ಬಾಯಿಯನ್ನು ನಿಧಾನವಾಗಿ ತೆರೆದ. ಅವಳ ಬೆರಳಿನ ಗೆರೆಗೆರೆಯಲ್ಲೂ ಹಳದಿ ತುಂಬಿತ್ತು. ಅದನ್ನು ಹಚ್ಚಿದವಳು ತಾನು.

"ಅಕ್ಕಾ! ಮುಟ್ಟಬೇಡಿ!"

ಆ ಕೂಗು ತನ್ನದೆಂದು ಚೈತ್ರಳಿಗೇ ತಿಳಿಯಲಿಲ್ಲ. ಅನಿಕೇತ ಬೆಚ್ಚಿ ಅತ್ತ. ಬಟ್ಟಲು ಉರುಳಿತು. ನಾಗಮಣಿ ಓಡಿ ಬಂದರು.

"ಕೈ ನೋಡಿ ಅಕ್ಕ. ನಿಮ್ಮ ಕೈ."

ರಂಜನಿ ಬೆರಳು ತಿರುಗಿಸಿ ನೋಡಿದಳು. "ಅರಿಶಿನ? ಈಗ ತಾನೇ ತೊಳೆದ್ನಲ್ಲ..."

ಅಷ್ಟರಲ್ಲಿ ನಾಗಮಣಿಯ ಕಣ್ಣಿಗೆ ಫೋನು, ಟ್ಯೂಬು, ಬಟ್ಟಲು ಎಲ್ಲಾ ಬಿದ್ದವು. "ಅಯ್ಯೋ ದೇವರೇ! ಏನ್ ಮಾಡಿದ್ಯೇ? ಮಾಟ ಮಾಡಿದ್ಯಾ? ನಿನ್ನೆ ಕುಂಕುಮ, ಇವತ್ತು ಅರಿಶಿನ! ಬರಬೇಡ ಅಂದಿದ್ದಕ್ಕೆ ಮಗೂ ಮೇಲೆ ಸೇಡು ತೀರಿಸ್ಕೋತೀಯೇನೇ?"

"ಮಾಟ ಅಲ್ಲಮ್ಮ." ಚೈತ್ರ ಅಳುತ್ತಿದ್ದಳು. ಮಾತು ಈಗ ನಿಲ್ಲಲಿಲ್ಲ, ತುಂಡು ತುಂಡಾಗಿ ಬಿತ್ತು. "ನಾನೇ ಹಚ್ಚಿದ್ದು. ಫೋನಿಗೆ. ಬರೀ ಫೋನಿಗೆ ಹಚ್ಚಿದೆ ಅಕ್ಕ, ಬೇರೆ ಎಲ್ಲೂ ಹಚ್ಚಲಿಲ್ಲ. ಅದು ಎಲ್ಲೆಲ್ಲಿ ಬಂತು ನೋಡಿ. ಕೈ ತೊಳೀತೀರ, ಆಮೇಲೆ ಅದನ್ನ ಮುಟ್ಟಿ ನಿಲ್ಲಿಸ್ತೀರ. ದಿನಾ ಹಂಗೇ ಮಾಡ್ತೀರ. ನಿನ್ನೆ ಕುಂಕುಮಾನೂ ಹಂಗೇ ಬಂದಿದ್ದು. ಅಮ್ಮ ಪೂಜೆಲಿ ಫೋನ್ ಎತ್ತಿದ್ರು. ಅದು ಬಚ್ಚಲಿಗೂ ಹೋಗ್ತದೆ. ಅದನ್ನ ಯಾರೂ ತೊಳಿಯಲ್ಲ ಅಕ್ಕ. ಹೇಳಕ್ಕೆ ಬರಲಿಲ್ಲ ನಂಗೆ."

ಹೊಡೆಯಲು ಎತ್ತಿದ್ದ ನಾಗಮಣಿಯ ಕೈ ಎತ್ತಿದಂತೆಯೇ ಇತ್ತು.

ರಂಜನಿ ಎದ್ದು ಸಿಂಕಿನ ಹತ್ತಿರ ಹೋದಳು. ಟವೆಲ್ ನೋಡಿದಳು, ನಲ್ಲಿಯ ತಿರುಪನ್ನು ನೋಡಿದಳು. ವಾಪಸು ಬಂದು ಬಾಗಿಲ ಚಿಲಕ, ಮಂಚದ ಕಂಬಿ, ಥರ್ಮಾಮೀಟರಿನ ಡಬ್ಬಿ ಒಂದೊಂದನ್ನೂ ನೋಡಿದಳು. ಎಲ್ಲೆಲ್ಲಿ ಅವಳ ಕೈ ಹೋಗಿತ್ತೋ ಅಲ್ಲೆಲ್ಲಾ ಹಳದಿ. "ನಾನೇನಾ?" ಅಂದಳು, ಯಾರನ್ನೂ ಕೇಳದೆ. "ಎರಡು ಸಲಾನೂ ನಾನೇನಾ?"

ಮತ್ತೆ ಸಿಂಕಿಗೆ ಹೋಗಿ ಚರ್ಮ ಕಿತ್ತುಬರುವ ಹಾಗೆ ಕೈ ಉಜ್ಜತೊಡಗಿದಳು. ದಿಂಬಿನ ಮೇಲೆ ಫೋನು ಇದ್ದಕ್ಕಿದ್ದಂತೆ ಕೂಗಿತು. ಗಂಟೆಗೊಮ್ಮೆ ಜ್ವರ ನೋಡಲು ಅವಳೇ ಇಟ್ಟ ಅಲಾರಂ. ಕೂಗುತ್ತಲೇ ಇತ್ತು. ಮೂವರು ಹೆಂಗಸರಿದ್ದರು, ಒಬ್ಬರೂ ಅದನ್ನು ಮುಟ್ಟಲಿಲ್ಲ.

ನಾಗಮಣಿ ಮೊಮ್ಮಗನ ಹಣೆಗೆ ಕೈಯ ಹಿಂಬದಿ ಒತ್ತಿದರು. "ರಂಜನಿ, ಕಾದಿದೆ ಕಣೇ. ಕೆಂಡ ಆಗಿದೆ."

ನೂರ ಒಂದು ಪಾಯಿಂಟ್ ನಾಲ್ಕು.

ಕ್ಯಾಬ್ ಕರೆಯಬೇಕಾದರೆ ಆ ಫೋನೇ ಬೇಕು. ಚೈತ್ರ ಯಾರನ್ನೂ ಕೇಳಲಿಲ್ಲ. ಬರಿಗಾಲಲ್ಲಿ ರಸ್ತೆಗೆ ಓಡಿ, ಎರಡೂ ಕೈ ಚಾಚಿ ಆಟೋಗೆ ಅಡ್ಡ ನಿಂತಳು.

"ಏನಮ್ಮ, ಸಾಯಕ್ಕೆ ನನ್ ಗಾಡೀನೇ ಬೇಕಿತ್ತಾ?" ಅಂದ ಆಟೋದವನು.

"ಹೆಬ್ಬಾಳದ ಆಸ್ಪತ್ರೆಗೆ ಅಣ್ಣ. ಮಗು."

ಅವನು ಮೀಟರ್ ಕಡೆಗೂ ಕೈ ಹಾಕಲಿಲ್ಲ. "ಕರ್ಕೊಂಡ್ ಬಾ, ಬೇಗ."

ಕೊಡಿಗೆಹಳ್ಳಿ ಗೇಟಿನಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಟೋದವನು ಹಾರ್ನ್ ಒತ್ತಿ ಒತ್ತಿ, ತಲೆ ಹೊರಗೆ ಹಾಕಿ ಬೈದು, ಗಲ್ಲಿಗೆ ನುಗ್ಗಿಸಿದ. ನಾಗಮಣಿಯ ಪಕ್ಕ ರಂಜನಿ ಮಗನನ್ನು ತೊಳೆದ ಸೀರೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಆದರೆ ಬೆರಳುಗಳನ್ನು ಮಾತ್ರ ಅವನಿಗೆ ತಾಗದಂತೆ ಗಾಳಿಯಲ್ಲಿ ಬಿಡಿಸಿ ಹಿಡಿದಿದ್ದಳು. ಫೋನು ಪ್ಲಾಸ್ಟಿಕ್ ಕವರಿನೊಳಗೆ ಚೈತ್ರಳ ಮಡಿಲಲ್ಲಿತ್ತು.

"ಚೈತು," ಅಂದ ಅನಿಕೇತ, ಕಣ್ಣು ಮುಚ್ಚಿಕೊಂಡೇ. "ಜೋರಾಗಿ ಕೂಗ್ದೆ ನೀನು."

"ಹೂಂ ಕಣೋ."

"ಇನ್ನೊಂದ್ಸಲ ಕೂಗು ಆಮೇಲೆ."

ಆಸ್ಪತ್ರೆಯಲ್ಲಿ ಡಾಕ್ಟರ್ ಗೌತಮಿ ರಕ್ತ ತೆಗೆಸಿ, ಔಷಧಿ ಹರಿಸಲು ಹೇಳಿ, ಗಾಜಿನ ಬಾಗಿಲಿನ ಹೊರಗೆ ಬಂದರು. ರಂಜನಿ ಅವರನ್ನು ತಡೆದು ನಿಲ್ಲಿಸಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅದರಿಂದಲೇನಾ ಡಾಕ್ಟ್ರೇ? ನನ್ನಿಂದಲೇನಾ?" ಅಂದಳು.

"ಅದರಿಂದಲೇ ಅಂತ ಯಾರೂ ಹೇಳಕ್ಕಾಗಲ್ಲ. ಅವನ ಹೊಟ್ಟೆಯೊಳಗಿನ ಕ್ರಿಮಿಯೇ ರಕ್ತಕ್ಕೆ ಇಳಿದಿರಬಹುದು. ಅದೂ ಆಗುತ್ತೆ." ಡಾಕ್ಟರು ಒಂದು ಕ್ಷಣ ಚೈತ್ರಳನ್ನು ನೋಡಿದರು. "ಆದ್ರೆ ಅದೂ ಒಂದು ದಾರಿ. ಅದನ್ನ ಮುಚ್ಚಿ. ಈಗ ಒಬ್ಬರು ಒಳಗೆ ಬನ್ನಿ. ಫೋನ್ ಹೊರಗೇ ಇರಲಿ."

"ಉಳೀತಾನಾ?"

"ಇವತ್ತು ರಾತ್ರಿ ಕಳೀಲಿ," ಅಂದು ಅವರು ಒಳಗೆ ಹೋದರು.

ಬಾಗಿಲ ಪಕ್ಕ ಕೈ ತೊಳೆಯುವ ಬೇಸಿನ್ ಇತ್ತು. ರಂಜನಿ ನಲ್ಲಿ ಬಿಟ್ಟು, ಸೋಪು ಹಚ್ಚಿ, ಅಭ್ಯಾಸಬಲದಿಂದ ತಲೆ ಎತ್ತಿ ಎದುರಿನ ಬರಿ ಗೋಡೆ ನೋಡಿದಳು. ಎಷ್ಟು ಹೊತ್ತು ಉಜ್ಜಬೇಕೆಂದೇ ತಿಳಿಯದವಳ ಹಾಗೆ ನಿಂತಳು. "ಚೈತ್ರ," ಅಂದಳು ಒಡೆದ ದನಿಯಲ್ಲಿ. "ಎಣಿಸೇ."

ಕಾರಿಡಾರಿನ ತುಂಬ ಜನ. ಚೈತ್ರ ಎದ್ದು ನಿಂತಳು. "ಒಂದು," ಅಂದಳು. "ಎರಡು." ಹತ್ತಕ್ಕೆ ಬರುವಷ್ಟರಲ್ಲಿ ಬೆಂಚಿನವರೆಲ್ಲ ತಿರುಗಿ ನೋಡುತ್ತಿದ್ದರು. ಅವಳು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ನಲವತ್ತಕ್ಕೆ ರಂಜನಿ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಗಾಜಿನಾಚೆ ಹಸಿರು ಪರದೆ ಎಳೆದುಕೊಂಡಿತು.

ಅವಳ ಕೈಯಲ್ಲಿದ್ದ ಕವರಿನೊಳಗೆ ಫೋನು ಬಡಿದುಕೊಳ್ಳುತ್ತಿತ್ತು. ಪ್ರದ್ಯುಮ್ನ ಇರಬೇಕು, ಪಕ್ಕದಲ್ಲಿದ್ದವರ ಫೋನಿನಿಂದ ನಾಗಮಣಿ ಆಗಲೇ ವಿಷಯ ತಿಳಿಸಿದ್ದರು, ದಾರಿಯಲ್ಲಿದ್ದಾನೆ. ನಾಗಮಣಿ ಬೆಂಚಿನ ಆ ತುದಿಯಲ್ಲಿ ಕೂತಿದ್ದರು. ಬಹಳ ಹೊತ್ತು ಪರದೆಯನ್ನೇ ನೋಡಿ, ಕೊನೆಗೆ ಎದ್ದು ಬೇಸಿನ್ ಹತ್ತಿರ ಹೋಗಿ ಬಳೆಗಳನ್ನು ಮೇಲೆ ಸರಿಸಿಕೊಂಡರು.

"ಅಮ್ಮ, ಒಬ್ಬರನ್ನೇ ಬಿಡೋದಂತೆ ಒಳಗೆ," ಅಂದಳು ಚೈತ್ರ.

"ಗೊತ್ತು." ಅವರು ಸೋಪು ಹಚ್ಚಿಕೊಂಡರು. ಹಿಂದೆ ತಿರುಗದೆ ಹೇಳಿದರು, "ನೀನು ಎಣಿಸು."

ಪರದೆಯ ಹಿಂದೆ ಯಾವುದೋ ಯಂತ್ರ ಕುಂಯ್‌ಗುಟ್ಟಿತು, ಯಾರೋ ಓಡಿದ ಸದ್ದಾಯಿತು. ಚೈತ್ರ ಮತ್ತೆ ಒಂದರಿಂದ ಶುರು ಮಾಡಿದಳು.